ಕಿಲಿಮಂಜಾರೋ: ಸುತ್ತು ದಾರಿಯಲ್ಲಿ ಒಂಬತ್ತು ದಿನ

ಸ್ವಾಹಿಲಿಯಲ್ಲಿ ‘ಪೋಲೆ’ ಅಂದರೆ ‘ಅಯ್ಯೋ ಪಾಪ’. ಅದನ್ನೇ ಎರಡು ಸಲ ಹೇಳಿದರೆ, ‘ಪೋಲೆ ಪೋಲೆ’, ಅದು ‘ನಿಧಾನ ನಿಧಾನ’. 2017ರಲ್ಲಿ ಮೊದಲ ಸಲ ತಾಂಜಾನಿಯಾದ ಕಿಲಿಮಂಜಾರೋ ಬೆಟ್ಟಕ್ಕೆ ಹೋದಾಗ ನನಗೆ ಸಿಕ್ಕಿದ್ದು ಒಂದೇ ಪೋಲೆ. ಹ್ಯಾನ್ಸ್ ಮೇಯರ್ ಗುಹೆಯ ಹತ್ತಿರ, 5,100 ಮೀಟರ್ ದಾಟಿದ ಮೇಲೆ, ರಾತ್ರಿ ಮೂರು ಗಂಟೆಗೆ ಒಂದು ಕಲ್ಲು ಹಿಡಿದುಕೊಂಡು ವಾಂತಿ ಮಾಡುತ್ತಿದ್ದೆ. ಗೈಡ್ ಬೆನ್ನು ಸವರಿ ‘ಪೋಲೆ’ ಅಂದ. ಅಲ್ಲಿಂದಲೇ ವಾಪಸ್.

ತಪ್ಪು ನನ್ನದೇ. ರಜೆ ಕಡಿಮೆ ಇತ್ತು, ರೊಕ್ಕ ಉಳಿಸುವ ಆಸೆ ಬೇರೆ. 5 ದಿನದ ಮರಂಗು ದಾರಿ ಹಿಡಿದಿದ್ದೆ. ಮೊದಲ ರಾತ್ರಿ ಮಲಗಿದ್ದು 2,720 ಮೀಟರಿನಲ್ಲಿ, ಎರಡನೇ ರಾತ್ರಿ 3,720, ಮೂರನೇ ರಾತ್ರಿ 4,720. ದಿನಕ್ಕೆ ಸರಿಯಾಗಿ ಒಂದು ಸಾವಿರ! ಮೈ ತೆಳು ಗಾಳಿಗೆ ಒಗ್ಗಬೇಕಾದರೆ, ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಬಾರದು ಅಂತ ಬೆಟ್ಟ ಹತ್ತುವವರು ಹೇಳುತ್ತಾರೆ. ಧಾರವಾಡದವಳಾದ ನಾನು ಅದನ್ನು ಓದಿದ್ದು ವಾಪಸ್ ಬಂದ ಮೇಲೆ.

ಹಾಗಾಗಿ 2023ರ ಫೆಬ್ರವರಿಯಲ್ಲಿ ಮತ್ತೆ ಹೊರಟಾಗ ಎಲ್ಲಕ್ಕಿಂತ ಉದ್ದದ ದಾರಿಯನ್ನೇ ಕೇಳಿದೆ. ನಾರ್ದರ್ನ್ ಸರ್ಕಿಟ್. ಸುಮಾರು 90 ಕಿಲೋಮೀಟರ್, 9 ದಿನ. ಪಶ್ಚಿಮದ ಲೊಂಡೊರೊಸಿ ಗೇಟಿನಿಂದ ಒಳಗೆ ಹೋಗಿ, ಬೆಟ್ಟದ ಉತ್ತರದ ಮೈಯನ್ನು ಪೂರ್ತಿ ಬಳಸಿಕೊಂಡು, ಪೂರ್ವದ ಕಡೆಯಿಂದ ತುದಿಗೆ ಹತ್ತಬೇಕು. ಪಾರ್ಕಿನ ಶುಲ್ಕ ದಿನದ ಲೆಕ್ಕದಲ್ಲಿ ಇರುವುದರಿಂದ ದಿನ ಹೆಚ್ಚಾದ ಹಾಗೆ ಖರ್ಚೂ ಏರುತ್ತದೆ. ಅವ್ವ ಕೇಳಿದಳು, “ಅಷ್ಟ ದೂರ ಹೋಗಿ, ಮತ್ತ ಸುತ್ತ ಹೊಡದು ಹತ್ತಾಕ ಇನ್ನೂ ಜಾಸ್ತಿ ರೊಕ್ಕ ಕೊಡ್ತೀ ಏನವಾ?” ಹೌದು, ಅದಕ್ಕೇ ಕೊಟ್ಟೆ.

ತಯಾರಿ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆರು ತಿಂಗಳು ಬೆನ್ನಿಗೆ ಎಂಟು ಕಿಲೋ ಹಾಕಿಕೊಂಡು ಮೆಟ್ಟಿಲು ಹತ್ತಿದೆ. ಕುಮಾರ ಪರ್ವತಕ್ಕೆ ಎರಡು ಸಲ ಹೋಗಿ ಬಂದೆ. ಕಾಲಿಗೆ, ಮಂಡಿಗೆ ಅದು ಒಳ್ಳೆಯದೇ. ಆದರೆ ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 2,000 ಮೀಟರ್ ಮುಟ್ಟುವುದಿಲ್ಲ, ತೆಳು ಗಾಳಿಯ ಅಭ್ಯಾಸ ನಮ್ಮ ಕಡೆ ಎಲ್ಲಿಂದ ಬರಬೇಕು? ಅದು ಬೆಟ್ಟದ ಮೇಲೇ ಆಗಬೇಕು, ಅದಕ್ಕೆ ದಿನಗಳು ಬೇಕು.

ನಾವು ಮೂರು ಜನ. ಗೈಡ್, ಅಡುಗೆಯವರು, ಹೊರೆ ಹೊರುವವರು ಸೇರಿ ನಮ್ಮ ಜೊತೆ ಹನ್ನೆರಡು ಜನ. ಒಬ್ಬ ಹೊರೆಯಾಳು 20 ಕಿಲೋಗಿಂತ ಜಾಸ್ತಿ ಹೊರುವಂತಿಲ್ಲ. ಗೇಟಿನಲ್ಲೇ ತಕ್ಕಡಿ ಇದೆ, ತೂಗಿಯೇ ಬಿಡುತ್ತಾರೆ. ಎಲ್ಲರೂ ನನ್ನನ್ನು ‘ದಾದಾ’ ಅನ್ನೋಕೆ ಶುರು ಮಾಡಿದರು. ಸ್ವಾಹಿಲಿಯಲ್ಲಿ ದಾದಾ ಅಂದರೆ ಅಕ್ಕ ಅಥವಾ ತಂಗಿ. ನಮ್ಮಲ್ಲಿ ದಾದಾ ಅಂದರೆ ಯಾರು ಅಂತ ಗೈಡ್‌ಗೆ ಹೇಳಿದೆ. ಆತ ಬಿದ್ದು ಬಿದ್ದು ನಕ್ಕು, ಎಲ್ಲರಿಗೂ ಹೇಳಿಬಿಟ್ಟ. ಆಮೇಲೆ ಆ ಹೆಸರು ಹೋಗಲೇ ಇಲ್ಲ.

ಮೊದಲ ದಿನ ಮಳೆಕಾಡು. ಕಪ್ಪು ಬಿಳುಪು ಕೊಲೊಬಸ್ ಕೋತಿಗಳು ಮರದಿಂದ ಮರಕ್ಕೆ ಹಾರುತ್ತಿದ್ದವು. ಎರಡು, ಮೂರನೇ ದಿನ ಶಿರಾ ಬಯಲು. ಕಿಲಿಮಂಜಾರೋ ಅಂದರೆ ಒಂದು ಬೆಟ್ಟವಲ್ಲ, ಮೂರು ಜ್ವಾಲಾಮುಖಿಗಳು: ಶಿರಾ, ಮಾವೆಂಜಿ, ಕಿಬೋ. ಶಿರಾ ಎಲ್ಲಕ್ಕಿಂತ ಹಳೆಯದು, ಕುಸಿದು ಬಯಲಾಗಿದೆ. ಅಲ್ಲಿಯ ಕ್ಯಾಂಪಿನಲ್ಲಿ ಜಾತ್ರೆ ಹಾಗೆ ಡೇರೆಗಳು. ನಾಲ್ಕನೇ ದಿನ ಲಾವಾ ಟವರ್ ತನಕ ಹತ್ತಿದೆವು, 4,600 ಮೀಟರ್. ಊಟ ಮಾಡಿ, ಸಂಜೆಗೆ ಇಳಿದು 4,200ರ ಮೊಯಿರ್ ಕ್ಯಾಂಪಿನಲ್ಲಿ ಮಲಗಿದೆವು. ಮೇಲೆ ಹತ್ತಿ ಕೆಳಗೆ ಮಲಗುವುದು, ಇದೇ ಮದ್ದು. ತಲೆ ಸ್ವಲ್ಪ ಭಾರ ಇತ್ತು. ಡಾಕ್ಟರನ್ನು ಕೇಳಿ, ಎತ್ತರದ ಕಾಯಿಲೆ ತಡೆಯುವ ಡಯಾಮಾಕ್ಸ್ ಮಾತ್ರೆ ತಗೊಂಡಿದ್ದೆ. ಅದರಿಂದ ಬೆರಳು ಜುಮ್ ಅನ್ನುತ್ತದೆ. ರಾತ್ರಿ ಮೂರು ಸಲ ಆ ಚಳಿಯಲ್ಲಿ ಡೇರೆಯ ಜಿಪ್ ಎಳೆದು ಮೂತ್ರಕ್ಕೆ ಹೊರಗೆ ಹೋಗಬೇಕು. ಯಾರೂ ಇದನ್ನು ಫೋಟೋ ಕೆಳಗೆ ಬರೆಯುವುದಿಲ್ಲ.

ಲಾವಾ ಟವರಿನಲ್ಲೇ ಜನವೆಲ್ಲ ದಕ್ಷಿಣಕ್ಕೆ ತಿರುಗಿದ್ದರು. ಉತ್ತರಕ್ಕೆ ಹೊರಟವರು ನಾವು ಮಾತ್ರ. ಐದು, ಆರನೇ ದಿನ ನಮ್ಮ ತಂಡ ಬಿಟ್ಟರೆ ದಾರಿಯಲ್ಲಿ ಕಂಡವರು ನಾಲ್ಕೇ ಜನ. ಈ ಎರಡು ದಿನಕ್ಕೆ ಏನು ಹೇಳಲಿ? ನೋಡೋಕೆ ದೊಡ್ಡದೇನೂ ಇಲ್ಲ. ಬೂದಿ ಬಣ್ಣದ ನೆಲ, ಒಣ ಹುಲ್ಲಿನ ಗೊಂಚಲು, ಕಾಗದದ ಹಾಗೆ ಸದ್ದು ಮಾಡುವ ಬಿಳಿ ಹೂವು. ಒಂದು ಕಣಿವೆ ಇಳಿ, ಹತ್ತು, ಮತ್ತೊಂದು ಕಣಿವೆ ಇಳಿ. ಎಡಕ್ಕೆ ಎಷ್ಟೋ ಕೆಳಗೆ ಕೀನ್ಯಾದ ಅಂಬೋಸೆಲಿ ಬಯಲು, ಬಲಕ್ಕೆ ಕಿಬೋ. ಗೈಡ್ ಮದುವೆ ಮೆರವಣಿಗೆಯಲ್ಲಿ ನಡೆದ ಹಾಗೆ ಮುಂದೆ ಹೋಗುತ್ತಿದ್ದ. ಶೂ ಕೆಳಗೆ ಜಲ್ಲಿ ಸದ್ದು ಬಿಟ್ಟರೆ, ಕುತ್ತಿಗೆಯ ಹಿಂದೆ ಬಿಳಿ ಪಟ್ಟೆ ಇರುವ ಅಲ್ಲಿಯ ದೊಡ್ಡ ಕಾಗೆಯ ಕೂಗು. ರಾತ್ರಿ ಕೀನ್ಯಾದ ಊರುಗಳ ದೀಪ ಕಾಣುತ್ತಿದ್ದವು.

ತಮಾಷೆ ಏನೆಂದರೆ, ಇಷ್ಟೆಲ್ಲ ನಡೆದರೂ ನಾವು ಇಳಿಯುತ್ತಿದ್ದೆವು. ಮೊಯಿರ್ 4,200, ಪೋಫು ಕ್ಯಾಂಪ್ ಸುಮಾರು 4,000, ಆರನೇ ದಿನದ ಥರ್ಡ್ ಕೇವ್ ಸುಮಾರು 3,900. ಜೊತೆಯವನೊಬ್ಬ, “ಮೇಲಕ್ಕೆ ಹೋಗೋದು ಯಾವಾಗ?” ಅಂತ ಗೊಣಗಿದ. ಆದರೆ ಬೆರಳಿಗೆ ಹಾಕುವ ಆಕ್ಸಿಮೀಟರ್ ಬೇರೆಯೇ ಹೇಳುತ್ತಿತ್ತು. ಮೊಯಿರ್‌ನಲ್ಲಿ ಬೆಳಿಗ್ಗೆ ನನಗೆ 83 ಇದ್ದದ್ದು ಥರ್ಡ್ ಕೇವ್‌ನಲ್ಲಿ 90 ಆಗಿತ್ತು. ಮುಖ್ಯವಾಗಿ, ಹಸಿವು ಬಂತು. ಹೋದ ಸಲ ಮೂರನೇ ದಿನಕ್ಕೇ ತಟ್ಟೆ ನೋಡಿದರೆ ವಾಕರಿಕೆ ಬರುತ್ತಿತ್ತು.

ಊಟದ ಮಾತು ಬಂದಿದ್ದರಿಂದ ಹೇಳುತ್ತೇನೆ. ಸಸ್ಯಾಹಾರಿ ಅಂತ ಮೊದಲೇ ತಿಳಿಸಿದರೆ ತೊಂದರೆ ಇಲ್ಲ. ಚಪಾತಿಗೆ ಅವರೂ ಚಪಾತಿ ಅಂತಲೇ ಅನ್ನುತ್ತಾರೆ, ಚಹಾಕ್ಕೆ ಚಾಯ್. ಬೆಳಿಗ್ಗೆ ‘ಉಜಿ’ ಅಂತ ಗಂಜಿ ಕೊಡುತ್ತಿದ್ದರು, ನಮ್ಮ ಅಂಬಲಿಯ ಅಣ್ಣತಮ್ಮ. ಅದೇನು ಆಶ್ಚರ್ಯವಲ್ಲ ಬಿಡಿ, ನಮ್ಮ ಜೋಳ, ರಾಗಿ ಎರಡೂ ಸಾವಿರಾರು ವರ್ಷದ ಹಿಂದೆ ಆಫ್ರಿಕಾದಿಂದಲೇ ಬಂದ ಬೆಳೆಗಳು. ನಾನು ಮನೆಯಿಂದ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ ಒಯ್ದಿದ್ದೆ. ಹಗುರ, ಕೆಡುವುದಿಲ್ಲ. ಮೂರನೇ ದಿನಕ್ಕೆ ರೊಟ್ಟಿಯೆಲ್ಲ ಪುಡಿಪುಡಿ. ಸೂಪಿಗೆ ಹಾಕಿಕೊಂಡು ತಿಂದೆ. ಅಡುಗೆಯವನಿಗೆ ಚಟ್ನಿ ಪುಡಿ ಎಷ್ಟು ಹಿಡಿಸಿತೆಂದರೆ, ಡಬ್ಬಿಯನ್ನು ಅಲ್ಲೇ ಬಿಟ್ಟು ಬಂದೆ.

ಏಳನೇ ದಿನ ಸ್ಕೂಲ್ ಹಟ್, ಸುಮಾರು 4,750 ಮೀಟರ್. ಹೌದು, ಆ ಒಂದು ದಿನ ಮತ್ತೆ 850 ಮೀಟರ್ ಏರುತ್ತೇವೆ. ಆದರೆ ಅಷ್ಟು ಹೊತ್ತಿಗೆ ಮೈ ಪಳಗಿರುತ್ತದೆ. ರಾತ್ರಿ ಹನ್ನೆರಡಕ್ಕೆ ಹೊರಟೆವು. ಈ ದಾರಿ ಹ್ಯಾನ್ಸ್ ಮೇಯರ್ ಗುಹೆಯ ಹತ್ತಿರ ಹಳೇ ಮರಂಗು ದಾರಿಗೇ ಸೇರುತ್ತದೆ. ಎಂಟು ದಿನದಿಂದ ನನ್ನ ತಲೆಯಲ್ಲಿ ಇದ್ದದ್ದು ಆ ಜಾಗವೇ. ಗೈಡ್ ಅಲ್ಲಿ ನಿಲ್ಲಿಸಿ ಶುಂಠಿ ಚಹಾ ಕೊಟ್ಟ. ತಲೆಯ ದೀಪ ಆಚೆ ಈಚೆ ತಿರುಗಿಸಿ ನನ್ನ ಆ ಕಲ್ಲು ಹುಡುಕಿದೆ. ಎಲ್ಲ ಕಲ್ಲೂ ಒಂದೇ ಥರ ಇದ್ದವು. “ಏನು ಕಳ್ಕೊಂಡ್ರಿ?” ಅಂತ ಗೈಡ್ ಕೇಳಿದ. ಏನಿಲ್ಲ ಅಂದೆ.

ಅದರಾಚೆ ಸುಲಭ ಅಂತಲ್ಲ. ಜಾರುವ ಸಣ್ಣ ಕಲ್ಲು, ಎರಡು ಹೆಜ್ಜೆ ಇಟ್ಟರೆ ಒಂದು ಕೆಳಗೆ. ಬೆನ್ನಚೀಲದಿಂದ ನೀರು ಹೀರುವ ಕೊಳವೆ ಹೆಪ್ಪುಗಟ್ಟಿತು. ಕಾಲುಚೀಲದಲ್ಲಿ ಸುತ್ತಿ ತಲೆಕೆಳಗಾಗಿ ಇಟ್ಟಿದ್ದ ಬಾಟಲಿ ಕಾಪಾಡಿತು. ನೀರು ಮೇಲಿನಿಂದ ಹೆಪ್ಪುಗಟ್ಟುವುದರಿಂದ ಮುಚ್ಚಳದ ಕಡೆ ದ್ರವವಾಗೇ ಇರುತ್ತದೆ. ಗಿಲ್ಮನ್ಸ್ ಪಾಯಿಂಟ್ ತಲುಪಿದಾಗ ಹಿಂದೆ ಮಾವೆಂಜಿಯ ಹಲ್ಲಿನಂಥ ಶಿಖರಗಳ ಮೇಲೆ ಕೆಂಪು ಮೂಡುತ್ತಿತ್ತು. ಅಲ್ಲಿಂದ ಜ್ವಾಲಾಮುಖಿಯ ಬಾಯಿಯ ಅಂಚಿನಲ್ಲಿ ಇನ್ನೂ ಎರಡು ಗಂಟೆ. ಹತ್ತು ಹೆಜ್ಜೆ, ನಿಲ್ಲು, ಮತ್ತೆ ಹತ್ತು. ಮೇಲೆ ಗಾಳಿಯ ಒತ್ತಡ ಸಮುದ್ರದ ದಂಡೆಯಲ್ಲಿ ಇರುವುದರ ಅರ್ಧ ಮಾತ್ರ. ಎಡಕ್ಕೆ ಹಿಮದ ಗೋಡೆ, 1912ರಲ್ಲಿ ಇದ್ದ ಹಿಮದಲ್ಲಿ ಈಗ ಉಳಿದಿರುವುದು ಚೂರು ಪಾರು. ಏಳೂವರೆಗೆ ಬೆಟ್ಟದ ತುದಿ ಉಹುರು, 5,895 ಮೀಟರ್. ಹದಿನೈದು ನಿಮಿಷ ಇದ್ದೆ. ಫೋನ್ ಚಳಿಗೆ ಸತ್ತಿತ್ತು, ಫೋಟೋ ಬೇರೆಯವರದರಲ್ಲಿ.

ಇಳಿಯುವುದರ ಬಗ್ಗೆ ನನಗೆ ಯಾರೂ ಸರಿಯಾಗಿ ಹೇಳಿರಲಿಲ್ಲ. ಅದೇ ದಿನ ಬರಾಫು ಕ್ಯಾಂಪ್ ದಾಟಿ 3,100ರ ಮ್ವೆಕಾ ಕ್ಯಾಂಪಿಗೆ, ಹತ್ತಿರ ಹತ್ತಿರ 2,800 ಮೀಟರ್ ಕೆಳಗೆ. ಹೊರಡುವ ಮುಂಚೆ ಕಾಲಿನ ಉಗುರು ಕತ್ತರಿಸಿಕೊಳ್ಳಿ, ನಾನು ಕತ್ತರಿಸಿರಲಿಲ್ಲ. ಸಂಜೆ ಡೇರೆ ಮುಂದೆ ಕೂತು ಶೂ ಬಿಚ್ಚಿದೆ. ಎರಡೂ ಹೆಬ್ಬೆರಳ ಉಗುರು ನೇರಳೆ ಹಣ್ಣಿನ ಬಣ್ಣ. ಗೈಡ್ ಬಗ್ಗಿ ನೋಡಿದ.

“ಪೋಲೆ, ದಾದಾ” ಅಂದ. ಒಂದೇ ಸಲ.