ಕರೆಂಟ್ ಹೋದಾಗ ಸ್ಯಾಂಡರ್ ನಿಲ್ಲುತ್ತದೆ, ಬಂದಾಗ?

ಬೀದರ್‌ನ ಹಳೇ ಊರಲ್ಲಿ, ಚೌಬಾರಾ ಹತ್ತಿರ ನಮ್ಮ ಮನೆ. ಹಿಂದಿನ ಶೆಡ್‌ನಲ್ಲಿ ಬಿದರಿ ತಟ್ಟೆಗಳಿಗೆ ಸಾಗುವಾನಿ ಸ್ಟ್ಯಾಂಡ್ ಮಾಡುತ್ತೇನೆ. ಬಿದರಿಯ ಕಪ್ಪು ಮೈಯಲ್ಲಿ ಬೆಳ್ಳಿ ಎಷ್ಟು ನುಣುಪಾಗಿ ಕೂತಿರುತ್ತದೆ! ಕೆಳಗಿನ ಮರ ಒರಟಾಗಿದ್ದರೆ ನನಗೆ ಸಹಿಸಲು ಆಗುವುದಿಲ್ಲ. ಕೈಯಿಂದ ತಿಕ್ಕಿ ತಿಕ್ಕಿ ರಟ್ಟೆ ಸೋತ ಮೇಲೆ, ಹೋದ ವರ್ಷ ಮರಳು ಕಾಗದದ 4 ಇಂಚಿನ ಬೆಲ್ಟ್, 6 ಇಂಚಿನ ಡಿಸ್ಕ್ ತಿರುಗಿಸಿ ಮರ ತಿಕ್ಕುವ ಮಷಿನ್, ಅಂದರೆ ಸ್ಯಾಂಡರ್ ತಂದೆ.

ಮೊದಲ ದಿನ ಟೇಬಲ್ ಮೇಲೆ ಸುಮ್ನೆ ಇಟ್ಟು ಶುರು ಮಾಡಿದೆ. ನಡುಗುತ್ತಾ ಅಂಚಿಗೆ ಸರಿಯಿತು. ಆಮೇಲೆ 18 ಮಿ.ಮೀ. ಪ್ಲೈವುಡ್‌ಗೆ ನಾಲ್ಕು ಬೋಲ್ಟ್ ಹಾಕಿ, ಪಾದದಡಿ ಹಳೇ ಟ್ಯೂಬಿನ ತುಂಡು ಕೊಟ್ಟು, ಪ್ಲೈವುಡ್ಡನ್ನು ಟೇಬಲ್‌ಗೆ ಬಿಗಿದೆ. ಬೆಲ್ಟಿನ ಒಳಗಡೆ ಬಾಣದ ಗುರುತಿದ್ದರೆ ಅದು ತಿರುಗುವ ದಿಕ್ಕಿಗೇ ಇರಲಿ. ಬೆಲ್ಟ್ ಪಕ್ಕಕ್ಕೆ ಓಡಿದರೆ ಟ್ರ್ಯಾಕಿಂಗ್ ನಾಬ್ ಸ್ವಲ್ಪವೇ ತಿರುಗಿಸಿ ನೋಡಿ. ಡಿಸ್ಕಿನ ಮುಂದಿನ ಟೇಬಲ್ಲನ್ನು ಮೂಲೆಮಟ್ಟ ಹಿಡಿದು ನೇರ ಮಾಡಿದೆ. ನಡುವೆ 1.5 ಮಿ.ಮೀ.ಗಿಂತ ಜಾಸ್ತಿ ಸಂದು ಬಿಡಲಿಲ್ಲ. ತೆಳ್ಳಗಿನ ತುಂಡು ಅಲ್ಲಿಗೇ ಸಿಕ್ಕಿಕೊಳ್ಳುವುದು.

ನನ್ನ ಡಿಸ್ಕ್ ಎಡಭಾಗದಲ್ಲಿ ಕೆಳಕ್ಕೆ ಇಳಿಯುತ್ತದೆ. ಮರ ಅಲ್ಲೇ ಹಿಡಿಯಬೇಕು, ಆಗ ಡಿಸ್ಕೇ ಅದನ್ನು ಟೇಬಲ್‌ಗೆ ಒತ್ತುತ್ತದೆ. ಬಲಕ್ಕೆ ಹೋದರೆ ತುಂಡು ಮೇಲಕ್ಕೆ ಹಾರುತ್ತದೆ. ನಿಮಿಷಕ್ಕೆ 2850 ಸುತ್ತು ತಿರುಗುವಾಗ ಅದರ ಅಂಚು ಸೆಕೆಂಡಿಗೆ 22 ಮೀಟರ್‌ಗಿಂತ ವೇಗವಾಗಿ ಓಡುತ್ತಿರುತ್ತದೆ. ಜೋರಾಗಿ ಒತ್ತಬೇಡಿ, ಮರ ಸುಟ್ಟು ಕಪ್ಪಾಗುತ್ತದೆ. ಕೈಗವಸು ಬೇಡವೇ ಬೇಡ. ಅದರ ತುದಿ ಸಿಕ್ಕರೆ ಕೈಯನ್ನೂ ಎಳೆದುಕೊಳ್ಳುತ್ತದೆ.

ನಾನು ಮುಖ್ಯವಾಗಿ ಹೇಳಬೇಕಾದದ್ದು ಬೇರೆಯೇ ಇದೆ. ಒಂದು ಮಧ್ಯಾಹ್ನ ಕೆಲಸದ ನಡುವೆ ಕರೆಂಟ್ ಹೋಯಿತು. ಹೇಗೂ ನಿಂತಿದೆಯಲ್ಲಾ ಎಂದು ಬೆಲ್ಟ್ ಬದಲಿಸಲು ಕವರ್ ಬಿಚ್ಚಿದೆ. ಸ್ವಿಚ್ ಆನ್ ಇದ್ದದ್ದು ನೆನಪಾಗಲಿಲ್ಲ. ಸ್ಕ್ರೂಡ್ರೈವರ್ ಕೆಳಗಿಡಲು ತಿರುಗಿದೆ, ಅಷ್ಟರಲ್ಲಿ ಕರೆಂಟ್ ಬಂತು. ಬೆಲ್ಟ್ ಭರ್ರನೆ ತಿರುಗಿತು. ಒಂದು ಕ್ಷಣದ ಹಿಂದೆ ನನ್ನ ಬೆರಳು ಅಲ್ಲೇ ಇತ್ತು. ಬಹಳ ಹೊತ್ತು ಕೈ ನಡುಗುತ್ತಿತ್ತು. ಬಡಿಗತನದಲ್ಲೇ ಕೂದಲು ಹಣ್ಣಾದ ನಮ್ಮ ಕಾಕಾ ಬಂದು, "ತಮ್ಮಾ, ಸ್ವಿಚ್ ನಂಬಬ್ಯಾಡ. ಮೊದ್ಲು ಪ್ಲಗ್ ಕೀಳು" ಎಂದರು. ಅಂದಿನಿಂದ ಕಿತ್ತ ಪ್ಲಗ್ ಕಣ್ಣೆದುರು ಇಟ್ಟುಕೊಂಡೇ ಬೆಲ್ಟ್ ಮುಟ್ಟುತ್ತೇನೆ. ಎಲೆಕ್ಟ್ರಿಷಿಯನ್ ಕರೆಸಿ ಹಸಿರು, ಕೆಂಪು ಬಟನ್ನಿನ ಸ್ವಿಚ್ಚನ್ನೂ ಹಾಕಿಸಿದೆ. ಹೋದ ಕರೆಂಟ್ ಮರಳಿ ಬಂದರೂ, ಹಸಿರು ಬಟನ್ ಒತ್ತುವ ತನಕ ಮೋಟಾರ್ ತಿರುಗುವುದಿಲ್ಲ. ನಮ್ಮ ಕಡೆ ಇದು ಬೇಕೇ ಬೇಕು, ಅಲ್ವಾ?

ಧೂಳಿನ ಪೈಪಿಗೆ ವ್ಯಾಕ್ಯೂಮ್ ಜೋಡಿಸಿದ್ದೇನೆ, ಎನ್95 ಮಾಸ್ಕ್, ಕನ್ನಡಕ ತಪ್ಪಿಸುವುದಿಲ್ಲ. ಮರದ ಧೂಳು ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಪಟ್ಟಿ ಮಾಡಿದೆ. ಅದೇ ಮಷಿನ್ ಮೇಲೆ ಕಬ್ಬಿಣ ತಿಕ್ಕುವುದಿಲ್ಲ; ಕಿಡಿ ಒಳಗಿನ ಹೊಟ್ಟಿಗೆ ಬಿದ್ದರೆ ಬೆಂಕಿ.

80, ಆಮೇಲೆ 120 ನಂಬರ್ ಮರಳು ಕಾಗದದ ತನಕ ಮಷಿನ್; ನಂಬರ್ ಹೆಚ್ಚಾದಷ್ಟೂ ಕಾಗದ ನುಣುಪು. ಡಿಸ್ಕ್ ಬಿಟ್ಟ ಅಡ್ಡ ಗೀರು ಹೋಗಲು 180, 220 ನಂಬರಿನದನ್ನು ಈಗಲೂ ಕೈಯಿಂದಲೇ, ಮರದ ಎಳೆಯ ಉದ್ದಕ್ಕೆ ತಿಕ್ಕುತ್ತೇನೆ.