ರಬ್ಬರ್ ಪಕ್ಕಕ್ಕಿಟ್ಟ ಮೇಲೆ

ಮೊದಲ ಎರಡು ವರ್ಷ ನನ್ನ ತರಗತಿಯ ಕಲಿಕಾ ದಿನಚರಿಗಳು ನೋಡಲು ಬಹಳ ಅಂದವಾಗಿದ್ದವು. ಅಂಚಿಗೆ ಬಣ್ಣದ ಗೆರೆ, ಮುಗಿದ ಕೆಲಸದ ಫೋಟೊ, ಕೆಳಗೆ ದುಂಡಗೆ ಬರೆದ ನಾಲ್ಕು ಸಾಲು. ನಾನು ಚಿತ್ರಕಲೆ, ಮಣ್ಣಿನ ಕೆಲಸ ಕಲಿಸುವವಳು. ವರ್ಷದ ಕೊನೆಗೆ ಒಬ್ಬ ಹುಡುಗಿಯ ಪುಸ್ತಕ ಹಿಡಿದು, ಅವಳು ಏನು ಕಲಿತಳೆಂದು ಅವಳ ತಾಯಿಗೆ ಹೇಳಲು ಕೂತೆ. ಹೇಳಲು ಏನೂ ಸಿಗಲಿಲ್ಲ. ಪುಟಕ್ಕೊಂದರಂತೆ ಮುಗಿದ ವಸ್ತುಗಳಿದ್ದವು. ಅವು ಹೇಗೆ ಆದವು ಎಂಬುದು ಯಾವ ಪುಟದಲ್ಲೂ ಇರಲಿಲ್ಲ.

ಆ ರಜೆಯಲ್ಲಿ ಪಿಕಾಸೊನ ಯುದ್ಧವಿರೋಧಿ ಕಲಾಕೃತಿ ‘ಗೆರ್ನಿಕಾ’ದ ಬಗ್ಗೆ ಪಾಠ ತಯಾರಿ ಮಾಡುತ್ತಿದ್ದೆ. ಪಿಕಾಸೊ ಅದರ ಮೊದಲ ಕರಡುಗಳನ್ನು ಬರೆದದ್ದು 1937ರ ಮೇ 1ರಂದು. ಕರಡುಗಳ ಮೇಲೆ ತಾರೀಖು ಹಾಕಿದ್ದ. ಕ್ಯಾನ್ವಾಸಿನ ಮೇಲೆ ಕೆಲಸ ನಡೆಯುವಾಗ ಛಾಯಾಗ್ರಾಹಕಿ ಡೋರಾ ಮಾರ್ ಹಂತಹಂತವಾಗಿ ಫೋಟೊ ತೆಗೆದಳು. ಆರಂಭದ ಒಂದು ಫೋಟೊದಲ್ಲಿ ಮುಷ್ಟಿ ಬಿಗಿದು ಮೇಲೆತ್ತಿದ ಕೈ ಇದೆ. ಮುಗಿದ ಚಿತ್ರದಲ್ಲಿ ಅದಿಲ್ಲ. ಶಾಲೆ ಶುರುವಾದ ಮೇಲೆ ಮಕ್ಕಳಿಗೆ ಎರಡನ್ನೂ ತೋರಿಸಿದಾಗ ಬಂದ ಮೊದಲ ಪ್ರಶ್ನೆ, “ಮಿಸ್, ಆ ಕೈ ಯಾಕೆ ತೆಗೆದ?” ನಮ್ಮ ದಿನಚರಿಗಳನ್ನು ನೋಡಿದವರು ಯಾರೂ ಇಂಥ ಪ್ರಶ್ನೆ ಕೇಳುವಂತಿರಲಿಲ್ಲ, ಏಕೆಂದರೆ ತೆಗೆದದ್ದೆಲ್ಲ ರಬ್ಬರಿನ ಪುಡಿಯಾಗಿ ಹೋಗಿತ್ತು.

ಅಂದೇ ದಿನಚರಿಗೆ ರಬ್ಬರ್ ಬೇಡವೆಂದೆ. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಮತ್ತೆ ಬರೆಯುವುದು. ಕೆಲಸ ಮುಗಿದಾಗಲ್ಲ, ಕೂತಾಗಲೆಲ್ಲ ತಾರೀಖು. ನಾನು ಕೆಂಪು ಶಾಯಿ ಬಿಟ್ಟೆ. ಕಾಗುಣಿತ ತಿದ್ದುವುದಿಲ್ಲವೇ ಎಂದು ಕೆಲವು ಪೋಷಕರು ಬೇಸರ ಮಾಡಿಕೊಂಡರು. ಅದಕ್ಕೆ ಭಾಷೆಯ ನೋಟ್‌ಬುಕ್ ಇದೆ, ಇಲ್ಲಿ ತಿದ್ದಿದರೆ ಮಗು ತನಗೆ ಗೊತ್ತಿರುವ ಪದಗಳಲ್ಲಷ್ಟೇ ಯೋಚಿಸುತ್ತದೆ ಎಂದು ಹೇಳಿದೆ. ಈಗಲೂ ಅದನ್ನೇ ಹೇಳುತ್ತೇನೆ.

ಮೊದಲ ಫಲ ಕಂಡದ್ದು ಒಂದು ಜೇಡಿಮಣ್ಣಿನ ಹಕ್ಕಿಯಲ್ಲಿ. ಹುಡುಗಿ ಮೊದಲ ದಿನ ಎರಡು ಕಡ್ಡಿಯಂಥ ಕಾಲಿನ ಹಕ್ಕಿ ಬರೆದಿದ್ದಳು. ಮರುದಿನದ ಪುಟದಲ್ಲಿ ಒಂದೇ ಸಾಲು: “ಕಾಲು ಮಡಚಿ ಬಿತ್ತು.” ಮೂರನೆಯ ಸಲ ಹಕ್ಕಿಯನ್ನು ಕೂರಿಸಿದಳು. ಅದು ನಿಂತಿತು, ಆದರೆ ಒಣಗುವಾಗ ರೆಕ್ಕೆ ಬುಡದಲ್ಲೇ ಬಿರುಕು ಬಿಟ್ಟಿತು. ಹಳೆಯ ನಾನಾಗಿದ್ದರೆ ಕಾರಣ ಹೇಳಿಬಿಡುತ್ತಿದ್ದೆ: ತೆಳು ರೆಕ್ಕೆ ಬೇಗ ಒಣಗಿ ಕುಗ್ಗುತ್ತದೆ, ದಪ್ಪ ಮೈ ಇನ್ನೂ ಹಸಿಯಾಗಿರುತ್ತದೆ, ಎಳೆತ ತಡೆಯದೆ ಮಣ್ಣು ಸೀಳುತ್ತದೆ. ಆ ದಿನ ಬಾಯಿ ಬಿಗಿಹಿಡಿದು, “ಹಿಂದಿನ ಪುಟಗಳನ್ನ ನೋಡು” ಎಂದಷ್ಟೇ ಅಂದೆ. ಅವಳು ಮೂರೂ ಪುಟಗಳಲ್ಲಿ ರೆಕ್ಕೆ ಎಷ್ಟು ಬೆರಳು ದಪ್ಪ, ಮೈ ಎಷ್ಟು ಬೆರಳು ದಪ್ಪ ಎಂದು ನೆನಪಿನಿಂದ ಬರೆದಳು. ಆಮೇಲೆ ಮೈಯನ್ನು ಒಳಗಿಂದ ಕೊರೆದು ಟೊಳ್ಳು ಮಾಡಿದಳು. ರೆಕ್ಕೆ ಕೂರುವ ಜಾಗದಲ್ಲಿ ಗೀರು ಹಾಕಿ, ಮಣ್ಣಿನ ಗಂಜಿ ಬಳಿದು ಅಂಟಿಸಿದಳು. ಈ ಸಲ ಬಿರುಕು ಬರಲಿಲ್ಲ. ಟೊಳ್ಳು ಮಾಡುವ ಯೋಚನೆ ಅವಳದೇ ಎನ್ನಲು ಆ ಪುಟಗಳೇ ಸಾಕ್ಷಿ.

ನಾನು ಏನು ಬರೆಯಬೇಕು ಎಂಬುದು ತಿಳಿಯಲು ಹೆಚ್ಚು ಕಾಲ ಹಿಡಿಯಿತು. “ಚೆನ್ನಾಗಿದೆ” ಎಂದು ಬರೆದರೆ ಮಗು ಓದಿ ಮುಚ್ಚಿಡುತ್ತದೆ. ಇಟಲಿಯ ರೆಜ್ಜೊ ಎಮಿಲಿಯಾದ ಶಿಶುಶಾಲೆಗಳಲ್ಲಿ ಶಿಕ್ಷಕರು ಮಕ್ಕಳ ಮಾತನ್ನು ಇದ್ದ ಹಾಗೆಯೇ ದಾಖಲಿಸಿ, ಫೋಟೊಗಳ ಜೊತೆಗಿಟ್ಟು, ಒಟ್ಟಿಗೆ ಕೂತು ಚರ್ಚಿಸುತ್ತಾರೆ. ಅದರಿಂದ ನಾನು ಕಲಿತದ್ದು ‘ಇದ್ದ ಹಾಗೆಯೇ’ ಎಂಬುದನ್ನು. ಈಗ ನಾನು ಬರೆಯುವುದು ಒಂದೋ ಮಗು ಹೇಳಿದ ಮಾತು, ಇಲ್ಲವೇ ನನಗೆ ನಿಜಕ್ಕೂ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆ. ದಿನಕ್ಕೆ ಐದೇ ಪುಸ್ತಕ. ಎಲ್ಲವನ್ನೂ ನೋಡಲು ಹೊರಟ ವಾರ ಒಂದನ್ನೂ ನೋಡಿದಂತಾಗಲಿಲ್ಲ.

ಬರೆಯಲು ಇಷ್ಟವೇ ಇಲ್ಲದ ಒಬ್ಬ ಹುಡುಗನಿದ್ದ. ಅವನ ಪಕ್ಕ ಕೂತು, ಅವನು ಹೇಳಿದ್ದನ್ನು ನಾನೇ ಬರೆದು, ಓದಿ ಹೇಳುತ್ತಿದ್ದೆ. ಒಂದು ದಿನ, “ನನ್ನ ಆಮೆ ಒಡೆದುಹೋಯಿತು” ಎಂದು ಓದಿದೆ. ಅವನು ತಲೆ ಅಲ್ಲಾಡಿಸಿದ.

“ಇಲ್ಲ ಮಿಸ್. ಒಡೆದುಹೋಯಿತು ಅಂತ ಹೇಳಲಿಲ್ಲ ನಾನು. ಒಡೆದೆ.”

“ಯಾಕೋ ಒಡೆದೆ?”

“ಒಳಗೆ ಒಣಗಿದೆಯಾ ನೋಡೋಕೆ.”

ನಾನು ಬರೆದ ಸಾಲಿನ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ “ಒಡೆದೆ” ಎಂದು ಬರೆದೆ. ಅವನು ಪೆನ್ಸಿಲ್ ತೆಗೆದುಕೊಂಡು ಕೆಳಗೆ ಅರ್ಧ ಆಮೆ ಬರೆದ. ಅಂಚೆಲ್ಲ ತಿಳಿಯಾಗಿ ಬಿಟ್ಟು, ನಡುವೆ ಕಪ್ಪಗೆ ತೀಡಿ, ಆ ಕಪ್ಪಿನ ಮೇಲೆ ತಾನೇ ಬರೆದ: “ಹಸಿ.”