ಸ-ಪ ಹಿಡಿದು ಚೆಲ್ಲೋ ಕಲಿಸುವುದು

ಪಿಟೀಲಿನ ಜಾತಿಯ, ಮೊಣಕಾಲುಗಳ ನಡುವೆ ಹಿಡಿದು ನುಡಿಸುವ ದೊಡ್ಡ ಪಾಶ್ಚಾತ್ಯ ವಾದ್ಯ ಚೆಲ್ಲೋ. ಅದನ್ನು ನುಡಿಸಿ ಮುಂಬೈಯಲ್ಲಿ ಸಂಸಾರ ನಡೆಸಬಹುದಾ ಅಂತ ಬಹಳ ಜನ ಕೇಳುತ್ತಾರೆ. ನಡೆಸಬಹುದು, ಆದರೆ ನುಡಿಸುವುದರಿಂದ ಮಾತ್ರ ಅಲ್ಲ. ನನ್ನ ಸಂಪಾದನೆಯ ದೊಡ್ಡ ಪಾಲು ಪಾಠದಿಂದ ಬರುತ್ತದೆ. ಉಳಿದದ್ದು ಕ್ರಿಸ್‌ಮಸ್ ಹೊತ್ತಿನ ಚರ್ಚ್ ಕಾರ್ಯಕ್ರಮ, ಹೋಟೆಲ್ ಮದುವೆಗಳಲ್ಲಿ ನಾಲ್ವರು ವಾದಕರ ಕ್ವಾರ್ಟೆಟ್, ಆಗೊಮ್ಮೆ ಈಗೊಮ್ಮೆ ಸ್ಟುಡಿಯೋ ಕೆಲಸ. ಹಿಂದೆ ಹಿಂದಿ ಸಿನಿಮಾ ರೆಕಾರ್ಡಿಂಗ್‌ಗಳಲ್ಲಿ ಗೋವಾದ ವಾದಕರು ಸಾಲಾಗಿ ಕೂತು ನುಡಿಸುತ್ತಿದ್ದರು. ಕೀಬೋರ್ಡು, ಕಂಪ್ಯೂಟರ್ ಬಂದ ಮೇಲೆ ಆ ಕೆಲಸ ತುಂಬಾ ಇಳಿಯಿತು. 2006ರಲ್ಲಿ ನರಿಮನ್ ಪಾಯಿಂಟ್‌ನ ಎನ್‌ಸಿಪಿಎ ಕಲಾ ಕೇಂದ್ರದಲ್ಲಿ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಶುರುವಾಯಿತು. ಅದರ ಕಛೇರಿಗಳಿಗೆ ನನ್ನ ಹತ್ತಿರ ಕಲಿಯುವ ಮಕ್ಕಳನ್ನು ಕರೆದುಕೊಂಡು ಹೋಗುತ್ತೇನೆ. ಇಡೀ ಚೆಲ್ಲೋ ಸಾಲು ಒಟ್ಟಿಗೆ ಬೋ (ಕಮಾನು) ಎಳೆಯುವುದನ್ನು ಕಣ್ಣಾರೆ ಕಂಡವರು ಮುಂದಿನ ಪಾಠಕ್ಕೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುತ್ತಾರೆ.

ನಾನು ಪಾಠ ಹೇಳುವುದು ಮಾಟುಂಗಾದ ಮನೆಯಲ್ಲಿ. ಬರುವವರಲ್ಲಿ ಕನ್ನಡದ ಮನೆಗಳ ಮಕ್ಕಳು ಸಾಕಷ್ಟು. "ಮೇಡಂ, ಇವಳು ಕರ್ನಾಟಕ ಸಂಗೀತ ಕಲಿತಿದ್ದಾಳೆ. ಇಲ್ಲಿ ಅದೇನಾದರೂ ಉಪಯೋಗಕ್ಕೆ ಬರುತ್ತಾ?" ಅಂತ ಒಬ್ಬ ತಾಯಿ ಹಿಂಜರಿದು ಕೇಳಿದ್ದರು. ಅದರಷ್ಟು ಉಪಯೋಗ ಇನ್ನೊಂದಿಲ್ಲ ಅಂದೆ.

ಚೆಲ್ಲೋದ ನಾಲ್ಕು ತಂತಿಗಳು ಕೆಳಗಿನ ಸ್ವರದಿಂದ ಸಿ, ಜಿ, ಡಿ, ಎ. ಪಕ್ಕಪಕ್ಕದ ಯಾವ ಎರಡನ್ನು ನುಡಿಸಿದರೂ ಸ-ಪ ಕೇಳುತ್ತದೆ. ಬೆರಳು ಎಲ್ಲಿಡಬೇಕು ಅಂತ ತೋರಿಸಲು ಗಿಟಾರಿನಂತೆ ಮೆಟ್ಟಿಲುಗಳಿಲ್ಲ, ಎಲ್ಲವೂ ಕಿವಿಯ ಮೇಲೆ. ಹಾಗಾಗಿ ಮೊದಲ ದಿನಗಳಲ್ಲಿ ನಾನು ನೊಟೇಷನ್ ಪುಸ್ತಕ ತೆಗೆಯುವುದೇ ಇಲ್ಲ. ಫೋನಿನಲ್ಲಿ ತಂಬೂರಿ ಹಾಕಿ, ಸಿ ತಂತಿಯನ್ನು ಷಡ್ಜ ಅಂತ ಹಿಡಿಸುತ್ತೇನೆ. ಮೊದಲು ಹಾಡು, ಆಮೇಲೆ ನುಡಿಸು.

ಮಕ್ಕಳು ಸರಳೆ, ಅಂದರೆ ಮೊದಲ ಸ್ವರಪಾಠ, ಕಲಿತಿರುವುದು ಮಾಯಾಮಾಳವಗೌಳ ರಾಗದಲ್ಲಿ. ಚೆಲ್ಲೋದಲ್ಲಿ ಮಾತ್ರ ನಾನು ಶಂಕರಾಭರಣದಿಂದ ಶುರು ಮಾಡುತ್ತೇನೆ. ಕಾರಣ ಕೈಯಲ್ಲಿದೆ. ಸಿ ತಂತಿಯನ್ನು ಖಾಲಿ ಬಿಟ್ಟರೆ ಸ. ಒಂದನೇ ಬೆರಳು (ತೋರುಬೆರಳು) ರಿ, ಮೂರನೆಯದು ಗ, ನಾಲ್ಕನೆಯದು (ಕಿರುಬೆರಳು) ಮ. ಪಕ್ಕದ ಜಿ ತಂತಿ ಖಾಲಿ ಇದ್ದರೆ ಪ. ಅಲ್ಲೂ ಅದೇ ಬೆರಳುಗಳಲ್ಲಿ ದ, ನಿ, ಮೇಲಿನ ಸ. ಕೈ ಜರುಗಿಸದೆ ಒಂದು ಪೂರ್ತಿ ಸ್ಥಾಯಿ ಸಿಗುತ್ತದೆ. ಮಾಯಾಮಾಳವಗೌಳದ ಕೆಳಗಿನ ರಿ, ದಗಳಿಗೆ ಒಂದನೇ ಬೆರಳನ್ನು ಹಿಂದಕ್ಕೆ ಚಾಚಬೇಕು. ಅದು ಎಳೆಯ ಕೈಗೆ ಆಮೇಲೆ ಸಾಕು.

ಮೇಲಿನ ಸ ಸರಿಯಾಗಿ ಬಿದ್ದಿತಾ ಅಂತ ವಾದ್ಯವೇ ಹೇಳುತ್ತದೆ. ಜಿ ತಂತಿಯ ಮೇಲೆ ಆ ಸ ಶುದ್ಧವಾಗಿ ನುಡಿದರೆ, ಯಾರೂ ಮುಟ್ಟದ ಸಿ ತಂತಿ ತಾನಾಗಿ ನಡುಗುತ್ತದೆ. ಬೆರಳು ಸ್ವಲ್ಪ ಆಚೀಚೆ ಆದರೂ ನಡುಕ ಸತ್ತುಹೋಗುತ್ತದೆ. ಇದನ್ನು ಒಮ್ಮೆ ಕಂಡವರು ಮನೆಯಲ್ಲಿ ಒಬ್ಬರೇ ಕೂತು ತಿದ್ದಿಕೊಳ್ಳಬಲ್ಲರು. ಟೀಚರ್ ಸಿಗುವುದು ವಾರಕ್ಕೊಮ್ಮೆ ತಾನೇ?

ತೊಡಕು ಬರುವುದು ಪಿಯಾನೋ ಜೊತೆ ಸೇರಿದಾಗ. ತಂಬೂರಿಗೆ ಒಪ್ಪುವ ಅಂತರ ಗಾಂಧಾರ (ಶಂಕರಾಭರಣದ ಗ) ಪಿಯಾನೋದ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಕೆಳಗಿರುತ್ತದೆ. ಅಂದರೆ ಅರ್ಧ ಸ್ವರದ ಏಳನೇ ಒಂದು ಭಾಗ. ಪಾಶ್ಚಾತ್ಯ ಸಂಗೀತದ ಗ್ರೇಡ್ ಪರೀಕ್ಷೆಗೆ ಪಿಯಾನೋ ಜೊತೆ ಕೂತ ಮಕ್ಕಳಿಗೆ ತಮ್ಮ ಗ ಇಳಿದಂತೆ ಕೇಳಿ ಗಾಬರಿಯಾಗುತ್ತದೆ. ನಿನ್ನ ಗ ತಪ್ಪಲ್ಲ, ಜೊತೆಗಾರರು ಬದಲಾಗಿದ್ದಾರೆ ಅಂತ ಹೇಳಿ, ಎರಡನ್ನೂ ಬೇರೆ ಬೇರೆ ಅಭ್ಯಾಸ ಮಾಡಿಸುತ್ತೇನೆ. ನನಗೆ ಕೆಲಸ ಕೊಡುವುದೂ ಇದೇ ಕಿವಿ. ಕ್ವಾರ್ಟೆಟ್‌ನಲ್ಲಿ ಎಲ್ಲಕ್ಕಿಂತ ಕೆಳಗಿನ ಸ್ವರ ಸಾಮಾನ್ಯವಾಗಿ ಚೆಲ್ಲೋದ್ದು. ಉಳಿದ ಮೂವರು ಅದನ್ನು ನೋಡಿಕೊಂಡು ಶ್ರುತಿ ಸೇರುತ್ತಾರೆ. ಅದು ಗಟ್ಟಿಯಾಗಿ ನಿಂತರೆ ಮುಂದಿನ ಸಲವೂ ಫೋನ್ ಬರುತ್ತದೆ.

ಗಮಕದ ಅಭ್ಯಾಸ ಇರುವ ಕೈ ಸ್ವರಕ್ಕೆ ಜಾರಿಕೊಂಡು ಹೋಗುತ್ತದೆ. ಪಾಶ್ಚಾತ್ಯ ಪಾಠದಲ್ಲಿ ಬೆರಳು ನೇರ ಇಳಿಯಬೇಕು. ಇದಕ್ಕೆ ನಾನು ಜರ್ಮನ್ ಸಂಗೀತ ರಚನೆಕಾರ ಬಾಖ್ ಒಂಟಿ ಚೆಲ್ಲೋಗೆ ಬರೆದ ಮೊದಲ ಸ್ವೀಟ್‌ನ (ಕೃತಿಗುಚ್ಛದ) ಪ್ರೆಲ್ಯೂಡ್, ಅಂದರೆ ಆರಂಭದ ಭಾಗ, ಹಿಡಿಸುತ್ತೇನೆ. ಸುಮಾರು 1720ರ ರಚನೆ, ಜಿ ಮೇಜರ್‌ನಲ್ಲಿದೆ, ಅಂದರೆ ಇಲ್ಲಿ ಜಿಯೇ ಸ. ಮೊದಲ ನಾಲ್ಕು ಬಾರ್‌ಗಳಲ್ಲಿ ಖಾಲಿ ಜಿ ತಂತಿ ಮತ್ತೆ ಮತ್ತೆ ಬರುತ್ತದೆ. ನಮ್ಮ ಮಕ್ಕಳು ಅದನ್ನು ತಕ್ಷಣ ಷಡ್ಜ ಅಂತ ಗುರುತಿಸುತ್ತಾರೆ. ಉಳಿದ ಸ್ವರಗಳನ್ನು ಅದರ ಮೇಲೆ ಜಾರದೆ ಇಡಲು ಶುರುಮಾಡುತ್ತಾರೆ. ಆ ಗಳಿಗೆಗಾಗಿಯೇ ನಾನು ಕಲಿಸುವುದು ಅನ್ನಿ.

ಮಳೆಗಾಲದ ವಿಷಯ ಹೇಳಲೇಬೇಕು. ಜೂನ್ ಬಂತೆಂದರೆ ಮರ ತೇವ ಹೀರುತ್ತದೆ, ಬಿರಡೆ ಬಿಗಿಯಾಗುತ್ತದೆ, ಬೋ ಕೂದಲು ಉದ್ದವಾಗುತ್ತದೆ. ಮೇಲಿನ ಹಲಗೆ ಉಬ್ಬಿ ಕುದುರೆ (ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು) ಮೇಲೇರಿದರೆ ತಂತಿ ಒತ್ತುವುದೇ ಕಷ್ಟ. ಅಂಚಿನ ಬೆಸುಗೆ ಬಿಟ್ಟುಕೊಂಡರೆ ಹೆದರಬೇಡಿ. ಆ ಅಂಟನ್ನು ಬೇಕೆಂದೇ ತೆಳುವಾಗಿ ಹಚ್ಚಿರುತ್ತಾರೆ, ಹಲಗೆ ಸೀಳುವ ಬದಲು ಬೆಸುಗೆ ಬಿಡಲಿ ಅಂತ. ಮನೆಯಲ್ಲಿ ಫೆವಿಕಾಲ್ ಹಾಕಬೇಡಿ, ವಾದ್ಯ ರಿಪೇರಿ ಮಾಡುವವರಿಗೇ ಕೊಡಿ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಡಿ. ನುಡಿಸಿದ ಮೇಲೆ ಬೋ ಸಡಿಲಿಸಿ. ಲೋಕಲ್ ರೈಲಿನಲ್ಲಿ ಒಯ್ಯುವುದಾದರೆ ಜನ ಕಡಿಮೆ ಇರುವ ಹೊತ್ತು ನೋಡಿ.

ಇನ್ನು ಕೊಳ್ಳುವವರಿಗೆ. ಮಕ್ಕಳಿಗೆ ಕಾಲು, ಅರ್ಧ, ಮುಕ್ಕಾಲು ಅಳತೆಯ ಚೆಲ್ಲೋಗಳಿವೆ. ಬೆಳೆದ ಮೇಲೆ ಸರಿಹೋಗುತ್ತದೆ ಅಂತ ದೊಡ್ಡದನ್ನು ತರಬೇಡಿ, ಎಡಗೈ ಬಿಗಿಯಾಗಿಬಿಡುತ್ತದೆ. ಧೋಬಿ ತಲಾವ್‌ನ ವಾದ್ಯದ ಅಂಗಡಿಗಳಿಗೆ ಮಗುವನ್ನೇ ಕರೆದುಕೊಂಡು ಹೋಗಿ ಕೂರಿಸಿ ನೋಡಿ. ಒಂದನೇ ಬೆರಳಿನಿಂದ ನಾಲ್ಕನೇ ಬೆರಳಿನವರೆಗೆ ಕೈ ಆರಾಮಾಗಿ ಹರಡಿದರೆ ಅದೇ ಸರಿಯಾದ ಅಳತೆ.